ಕರೆಂಟ್ ಹೋಗಿ ಬಂದಾಗಲೆಲ್ಲ ಲ್ಯಾಪ್‌ಟಾಪ್ ನಿಂತುಹೋಗುತ್ತಾ? ಲಿನಕ್ಸ್ ಗ್ರಾಫಿಕ್ಸ್ ಡ್ರೈವರ್‌ನ ಬಗ್ ಹಿಡಿದು ಸರಿಮಾಡುವ ದಾರಿ

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಕರೆಂಟ್ ಹೇಗಿರುತ್ತದೆ ಅಂತ ಗೊತ್ತಲ್ವಾ. ಪೂರ್ತಿ ಹೋದರೆ ಪರವಾಗಿಲ್ಲ, ದೀಪ ಹಚ್ಚಿ ಸುಮ್ನೆ ಕೂರಬಹುದು. ಆದರೆ ಎಲ್ಲೋ ಲೈನಿಗೆ ಕೊಂಬೆ ತಾಗುತ್ತಿರುತ್ತದೆ, ಗಾಳಿ ಬಂದಾಗಲೆಲ್ಲ ಕರೆಂಟ್ ಹೋಗುತ್ತದೆ, ಎರಡು ಸೆಕೆಂಡಿಗೆ ಬರುತ್ತದೆ, ಮತ್ತೆ ಹೋಗುತ್ತದೆ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಅದಕ್ಕೆ ಏನೂ ಆಗಬಾರದು. ಆದರೂ ಹೊರಗಿನ ಮಾನಿಟರ್ ಹಾಕಿಕೊಂಡು ಲಿನಕ್ಸ್‌ನಲ್ಲಿ ಕೆಲಸ ಮಾಡುವ ಕೆಲವರಿಗೆ ಆ ಹೊತ್ತಿಗೇ ಪರದೆ ಗಟ್ಟಿಯಾಗಿ ನಿಂತುಬಿಡುತ್ತದೆ. ಮೌಸ್ ಅಲ್ಲಾಡುವುದಿಲ್ಲ, ಹಾಡು ಮಾತ್ರ ಓಡುತ್ತಿರುತ್ತದೆ.

ಇದಕ್ಕೆ ಕಾರಣ ಹೆಚ್ಚಾಗಿ ಹಾರ್ಡ್‌ವೇರ್ ಅಲ್ಲ, ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಗೆ ಚಿತ್ರ ಕಳಿಸುವ ಚಿಪ್ಪನ್ನು ನಡೆಸುವ ಪ್ರೋಗ್ರಾಂ. ಮಾನಿಟರ್‌ಗೆ ಕರೆಂಟ್ ಹೋದ ಕೂಡಲೇ ಕೇಬಲ್‌ನಲ್ಲಿರುವ ಹಾಟ್‌ಪ್ಲಗ್ ಡಿಟೆಕ್ಟ್ ಅನ್ನುವ ತಂತಿಯ ವೋಲ್ಟೇಜ್ ಬೀಳುತ್ತದೆ. ಕೇಬಲ್ ಕಿತ್ತರೆ ಏನಾಗುತ್ತದೋ ಡ್ರೈವರ್‌ಗೆ ಅದೇ ಕಾಣಿಸುತ್ತದೆ. ಡಿಸ್‌ಪ್ಲೇಪೋರ್ಟ್ ಮಾನಿಟರ್‌ಗಳಲ್ಲಿ ಇದು ಜಾಸ್ತಿ. ಎಚ್‌ಡಿಎಂಐನಲ್ಲಿ ಲ್ಯಾಪ್‌ಟಾಪೇ ಕೇಬಲ್ ಮೂಲಕ 5 ವೋಲ್ಟ್ ಕೊಡುವುದರಿಂದ ಕೆಲವು ಮಾನಿಟರ್‌ಗಳು ಆರಿದ ಮೇಲೂ ನಾನಿದ್ದೇನೆ ಅಂತ ಹೇಳುತ್ತಲೇ ಇರುತ್ತವೆ.

ಬೇರೆ ಊರಲ್ಲಿ ದಿನಕ್ಕೆ ಒಂದು ಸಲ, ಅದೂ ನಿಧಾನಕ್ಕೆ, ಕೇಬಲ್ ಕಿತ್ತು ಹಾಕುತ್ತಾರೆ. ನಮ್ಮಲ್ಲಿ ಅದೇ ಘಟನೆ ಸೆಕೆಂಡುಗಳ ಅಂತರದಲ್ಲಿ ಸಾಲಾಗಿ ಆಗುತ್ತದೆ. ಡ್ರೈವರ್ ಒಂದು ಸಲದ್ದನ್ನು ಇನ್ನೂ ಮುಗಿಸಿರುವುದಿಲ್ಲ, ಅಷ್ಟರಲ್ಲಿ ಇನ್ನೊಂದು ಬರುತ್ತದೆ. ಡ್ರೈವರ್ ಬರೆದವರ ಮೇಜಿನ ಮೇಲೆ ಕಾಣಿಸದ ಬಗ್ ನಮ್ಮ ಮನೆಯಲ್ಲಿ ಸಂಜೆ ಸಂಜೆ ಕಾಣಿಸುತ್ತದೆ. ಹಾಗಾಗಿ ಅದನ್ನು ಹಿಡಿದುಕೊಡುವ ಕೆಲಸಕ್ಕೆ ಮಲೆನಾಡಿನವರೇ ಸರಿ ಅಂತ ನನಗೆ ಅನ್ನಿಸುತ್ತದೆ. ಸಿ ಭಾಷೆ ಸ್ವಲ್ಪ ಗೊತ್ತಿದ್ದರೆ ಕೊನೆಯವರೆಗೂ ಹೋಗಬಹುದು. ಗೊತ್ತಿಲ್ಲದಿದ್ದರೆ ಬಗ್ ಎಲ್ಲಿದೆ ಅಂತ ತೋರಿಸುವ ತನಕ ಹೋಗಿ, ಅರ್ಧಕ್ಕಿಂತ ಜಾಸ್ತಿ ಕೆಲಸ ಅದೇ.

ಒಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ.

ಸದ್ಯಕ್ಕೆ ಕೆಲಸ ನಡೆಯಬೇಕು ಅಂದರೆ

ನಾಳೆ ಬೆಳಿಗ್ಗೆ ಬಿಲ್ ಕೊಡಬೇಕು, ಬಗ್ ಹುಡುಕುತ್ತಾ ಕೂರಲು ಆಗುವುದಿಲ್ಲ ಅನ್ನುವವರು ಮಾನಿಟರ್‌ನ ಪ್ಲಗ್ ತೆಗೆದು ಯುಪಿಎಸ್‌ಗೆ ಹಾಕಿ. ಬಗ್ ಹೋಗುವುದಿಲ್ಲ, ಆದರೆ ಅದನ್ನು ಎಬ್ಬಿಸುವ ಕಾರಣ ಹೋಗುತ್ತದೆ. ಹಿಂದಿನ ಕರ್ನಲ್‌ನಲ್ಲಿ (ಲಿನಕ್ಸ್‌ನ ತಿರುಳು, ಡ್ರೈವರ್‌ಗಳೆಲ್ಲ ಇರುವುದು ಇದರಲ್ಲೇ) ಸರಿಯಿತ್ತು, ಅಪ್‌ಡೇಟ್ ಆದ ಮೇಲೆ ಶುರುವಾಯಿತು ಅಂದರೆ ಬೂಟ್ ಆಗುವಾಗ ಯಾವ ಕರ್ನಲ್ ಬೇಕು ಅಂತ ಕೇಳುವ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಹಳೇ ಕರ್ನಲ್ ಆರಿಸಿ. ಪರದೆಯೇ ಬರುತ್ತಿಲ್ಲವಾದರೆ ಗ್ರಬ್‌ನಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಅಂತ ಸೇರಿಸಿ ಎಫ್10 ಒತ್ತಿ. ಇದರಲ್ಲಿ ಹೊರಗಿನ ಮಾನಿಟರ್ ಸರಿಯಾಗಿ ಕೆಲಸ ಮಾಡುತ್ತದೆ ಅಂದುಕೊಳ್ಳಬೇಡಿ, ಫೈಲ್ ಉಳಿಸಿಕೊಳ್ಳಲು ಸಾಕು.

ಪರದೆ ನಿಂತಾಗ ಪವರ್ ಬಟನ್ ಅದುಮಿ ಹಿಡಿಯಬೇಡಿ. ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಒತ್ತಿ ಹಿಡಿದುಕೊಂಡು ಎಸ್, ಯು, ಬಿ ಒಂದಾದ ಮೇಲೊಂದು ನಿಧಾನಕ್ಕೆ ಒತ್ತಿ. ಎಸ್ ಡಿಸ್ಕಿಗೆ ಬರೆಯಬೇಕಾದ್ದನ್ನು ಬರೆಸುತ್ತದೆ, ಯು ಡಿಸ್ಕನ್ನು ಓದಲು ಮಾತ್ರ ಅನ್ನುವ ಸ್ಥಿತಿಗೆ ತರುತ್ತದೆ, ಬಿ ರೀಬೂಟ್ ಮಾಡುತ್ತದೆ. ಉಬುಂಟುವಿನಲ್ಲಿ ಈ ಮೂರಕ್ಕೆ ಮೊದಲೇ ಅನುಮತಿ ಇದೆ.

ಮೊದಲು ಸಾಕ್ಷಿ ಹಿಡಿಯಿರಿ

ರೀಬೂಟ್ ಮಾಡಿದ ಮೇಲೆ ಟೈಪ್ ಮಾಡಬೇಕಾದ ಮೊದಲ ಕಮಾಂಡ್: ಜರ್ನಲ್‌ಸಿಟಿಎಲ್ -ಕೆ -ಬಿ -1. ಹಿಂದಿನ ಬೂಟ್‌ನಲ್ಲಿ ಕರ್ನಲ್ ಹೇಳಿದ್ದೆಲ್ಲ ಇದರಲ್ಲಿ ಬರುತ್ತದೆ. ಏನೂ ಇಲ್ಲ ಅಂದರೆ ಲಾಗ್ ಡಿಸ್ಕಿನಲ್ಲಿ ಉಳಿಯುತ್ತಿಲ್ಲ ಅಂತ ಅರ್ಥ. /ವಾರ್/ಲಾಗ್/ಜರ್ನಲ್ ಅನ್ನುವ ಫೋಲ್ಡರ್ ಮಾಡಿ ರೀಬೂಟ್ ಮಾಡಿದರೆ ಮುಂದಿನ ಸಲದಿಂದ ಉಳಿಯುತ್ತದೆ.

ಆದರೆ ಯಂತ್ರ ಸಾಯುವ ಹೊತ್ತಿನ ಕೊನೆಯ ಸಾಲುಗಳು ಎಷ್ಟೋ ಸಲ ಡಿಸ್ಕ್ ತಲುಪಿರುವುದಿಲ್ಲ. ನಮಗೆ ಬೇಕಾದ್ದು ಅವೇ ಸಾಲುಗಳು. ಇಲ್ಲಿ ಮೊಬೈಲ್ ತುಂಬಾ ಉಪಯೋಗಕ್ಕೆ ಬರುತ್ತದೆ. ಪರದೆ ನಿಂತರೂ ಹಾಡು ಓಡುತ್ತಿದೆ ಅಂದರೆ ಕರ್ನಲ್ ಪೂರ್ತಿ ಸತ್ತಿಲ್ಲ. ಮಾನಿಟರ್ ನೋಡಿಕೊಳ್ಳುತ್ತಿದ್ದ ಒಂದು ಕೆಲಸದ ಎಳೆ ಮಾತ್ರ ಸತ್ತಿದೆ, ಅದು ಸಾಯುವಾಗ ಹಿಡಿದುಕೊಂಡಿದ್ದ ಲಾಕ್ (ಒಂದು ಸಲಕ್ಕೆ ಒಂದೇ ಎಳೆ ಮುಟ್ಟಲಿ ಅಂತ ಹಾಕುವ ಬೀಗ) ಬಿಟ್ಟಿಲ್ಲ, ಆ ಲಾಕ್‌ಗಾಗಿ ಪರದೆಗೆ ಸಂಬಂಧಪಟ್ಟದ್ದೆಲ್ಲ ಕಾಯುತ್ತಾ ನಿಂತಿದೆ. ಉಳಿದದ್ದು ನಡೆಯುತ್ತಿದೆ. ಹಾಗಾಗಿ ಮೊದಲೇ ಲ್ಯಾಪ್‌ಟಾಪ್‌ನಲ್ಲಿ ಓಪನ್‌ಎಸ್‌ಎಸ್‌ಎಚ್ ಸರ್ವರ್ (ಬೇರೆ ಯಂತ್ರದಿಂದ ಒಳಗೆ ಬಂದು ಕಮಾಂಡ್ ಕೊಡಲು ಬಿಡುವ ಪ್ರೋಗ್ರಾಂ) ಹಾಕಿಡಿ, ಮೊಬೈಲ್‌ನಲ್ಲಿ ಟರ್ಮಕ್ಸ್ ಅನ್ನುವ ಟರ್ಮಿನಲ್ ಆ್ಯಪ್ ಹಾಕಿ ಅದರಲ್ಲಿ ಓಪನ್‌ಎಸ್‌ಎಸ್‌ಎಚ್ ಹಾಕಿ. ಲ್ಯಾಪ್‌ಟಾಪನ್ನು ಮೊಬೈಲ್‌ನ ಹಾಟ್‌ಸ್ಪಾಟ್‌ಗೆ ಸೇರಿಸಿ, ಐಪಿ ವಿಳಾಸ ಬರೆದಿಟ್ಟುಕೊಳ್ಳಿ. ಪರದೆ ನಿಂತ ಕೂಡಲೇ ಮೊಬೈಲ್‌ನಿಂದ ಒಳಗೆ ಹೋಗಿ ಡಿಎಂಇಎಸ್‌ಜಿ ಕೊಟ್ಟು ಬಂದದ್ದನ್ನು ಫೈಲ್‌ಗೆ ಉಳಿಸಿ. ಕರೆಂಟ್ ಇಲ್ಲದೆ ಮನೆಯ ವೈಫೈ ಆರಿದ್ದರೂ ಇದು ನಡೆಯುತ್ತದೆ.

ಮೊಬೈಲ್‌ನಿಂದಲೂ ಒಳಗೆ ಹೋಗಲು ಆಗದಿದ್ದರೆ ನೆಟ್‌ಕನ್ಸೋಲ್ ಇದೆ. ಕರ್ನಲ್‌ನ ಮಾತನ್ನು ಯುಡಿಪಿ ಮೂಲಕ ನೇರವಾಗಿ ಇನ್ನೊಂದು ಕಂಪ್ಯೂಟರ್‌ಗೆ ಕಳಿಸುತ್ತದೆ, ಸಾಮಾನ್ಯವಾಗಿ 6666ನೇ ಪೋರ್ಟ್‌ಗೆ. ವೈಫೈ ಮೇಲೆ ಇದನ್ನು ನಂಬಬೇಡಿ, ಎರಡು ಯಂತ್ರಗಳ ನಡುವೆ ಲ್ಯಾನ್ ಕೇಬಲ್ ಹಾಕಿ. ಡಿಎಂಇಎಸ್‌ಜಿ -ಎನ್ 8 ಅಂತ ಕೊಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಅರ್ಧ ಸಾಲುಗಳು ಬರುವುದೇ ಇಲ್ಲ. ಇದೂ ಆಗಲಿಲ್ಲ ಅಂದರೆ /ವಾರ್/ಲಿಬ್/ಸಿಸ್ಟಮ್‌ಡಿ/ಪಿಸ್ಟೋರ್ ಫೋಲ್ಡರ್ ನೋಡಿ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸಾಯುವ ಮೊದಲಿನ ಮಾತನ್ನು ಯುಇಎಫ್‌ಐ ಮೆಮೊರಿಯಲ್ಲಿ ಬರೆದಿಟ್ಟಿರುತ್ತದೆ. 2024ರಲ್ಲಿ ಬಂದ 6.10ನೇ ಕರ್ನಲ್‌ನಿಂದ ಕರ್ನಲ್‌ನ ಗ್ರಾಫಿಕ್ಸ್ ಭಾಗವಾದ ಡಿಆರ್‌ಎಂನಲ್ಲಿ ಡಿಆರ್‌ಎಂ ಪ್ಯಾನಿಕ್ ಅಂತ ಒಂದು ಸೌಲಭ್ಯವೂ ಇದೆ. ಡ್ರೈವರ್ ಅದಕ್ಕೆ ಒಪ್ಪಿದ್ದರೆ ಕರ್ನಲ್ ಪೂರ್ತಿ ಬಿದ್ದಾಗ ಪರದೆಯ ಮೇಲೆಯೇ ಸಂದೇಶ ಬರುತ್ತದೆ.

ಲಾಗ್‌ನಲ್ಲಿ ಕರ್ನಲ್‌ನ ದೂರು ಏನೂ ಇಲ್ಲದೆ ಬರೀ ಡೆಸ್ಕ್‌ಟಾಪ್ ಪ್ರೋಗ್ರಾಂ ಸತ್ತಿದ್ದರೆ ಅದು ಕರ್ನಲ್ ಡ್ರೈವರ್ ತಪ್ಪಲ್ಲ. ಕೋರ್‌ಡಂಪ್‌ಸಿಟಿಎಲ್ ಲಿಸ್ಟ್ ಕೊಟ್ಟು ನೋಡಿ, ಪ್ರೋಗ್ರಾಂಗಳಿಗೆ ಚಿತ್ರ ಬಿಡಿಸಿಕೊಡುವ ಮೆಸಾ ಲೈಬ್ರರಿಯಲ್ಲೋ ಡೆಸ್ಕ್‌ಟಾಪ್‌ನಲ್ಲೋ ಇರುತ್ತದೆ, ಅದರ ದಾರಿ ಬೇರೆ. ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಕಡೆ ಬೀಳುತ್ತಿದ್ದರೆ ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿ. ನಮ್ಮ ಥಂಡಿಗೆ ರ‍್ಯಾಮ್ ಕಾಲಿಗೆ ಹಸಿರು ಹಿಡಿಯುವುದು ಹೊಸದೇನಲ್ಲ.

ಊಪ್ಸ್ ಓದುವುದು

ಕರ್ನಲ್ ತಪ್ಪು ಮಾಡಿದಾಗ ಬರೆಯುವ ಪುಟಕ್ಕೆ ಊಪ್ಸ್ ಅನ್ನುತ್ತಾರೆ. ನೋಡಿದರೆ ಗಾಬರಿಯಾಗುತ್ತದೆ, ಆದರೆ ಅದರಲ್ಲಿ ನಮಗೆ ಬೇಕಾದ್ದು ಕೆಲವೇ ಸಾಲು. ಮೊದಲ ಸಾಲು ಹೀಗಿರುತ್ತದೆ ಅಂದುಕೊಳ್ಳಿ:

ಬಗ್: ಕರ್ನಲ್ ನಲ್ ಪಾಯಿಂಟರ್ ಡಿರೆಫರೆನ್ಸ್, ಅಡ್ರೆಸ್: 0000000000000048

ಪಾಯಿಂಟರ್ ಅಂದರೆ ಮೆಮೊರಿಯ ಒಂದು ಜಾಗದ ವಿಳಾಸ, ಖಾಲಿ ಪಾಯಿಂಟರ್ ಅಂದರೆ ಸೊನ್ನೆ. ಆದರೆ ವಿಳಾಸ ಸೊನ್ನೆ ಅಲ್ಲ, 48 ಇದೆ. ಯಾಕೆ? ಡ್ರೈವರ್ ಒಂದು ಸ್ಟ್ರಕ್ಚರ್‌ನ (ಸಂಬಂಧಪಟ್ಟ ಮಾಹಿತಿಯನ್ನು ಒಟ್ಟಿಗೆ ಇಟ್ಟ ಕಟ್ಟು) ಒಳಗಿನ ಸದಸ್ಯನನ್ನು ಓದಲು ಹೋಗಿದೆ, ಸ್ಟ್ರಕ್ಚರ್‌ನ ಪಾಯಿಂಟರ್ ಖಾಲಿ, ಆ ಸದಸ್ಯ ಇರುವುದು ಶುರುವಿನಿಂದ ಹೆಕ್ಸ್ 48ನೇ ಬೈಟ್‌ನಲ್ಲಿ. ಈ ಒಂದು ಸಂಖ್ಯೆಯಿಂದ ಯಾವ ಸದಸ್ಯ ಅಂತ ಹೇಳಬಹುದು. ಪಹೋಲ್ ಅನ್ನುವ ಪ್ರೋಗ್ರಾಂಗೆ ಸ್ಟ್ರಕ್ಚರ್‌ನ ಹೆಸರು ಕೊಟ್ಟರೆ ಪ್ರತಿ ಸದಸ್ಯನೂ ಎಷ್ಟನೇ ಬೈಟ್‌ನಲ್ಲಿದ್ದಾನೆ ಅಂತ ಪಟ್ಟಿ ಕೊಡುತ್ತದೆ. ಪಹೋಲ್ ತೋರಿಸುವುದು ದಶಮಾನದಲ್ಲಿ, ಹೆಕ್ಸ್ 48 ಅಂದರೆ 72 ಅನ್ನುವುದು ನೆನಪಿರಲಿ.

ಸ್ವಲ್ಪ ಕೆಳಗೆ ಆರ್‌ಐಪಿ ಅಂತ ಒಂದು ಸಾಲು. ಅದರಲ್ಲಿ ಫಂಕ್ಷನ್ ಹೆಸರು, ಆಮೇಲೆ ಕೂಡಿಸು ಗುರುತು, ಎರಡು ಸಂಖ್ಯೆ, ಚೌಕ ಕಂಸದಲ್ಲಿ ಮಾಡ್ಯೂಲ್ (ಕರ್ನಲ್‌ಗೆ ಬೇಕಾದಾಗ ಸೇರಿಸುವ ತುಂಡು, ಡ್ರೈವರ್ ಇರುವುದು ಇದರಲ್ಲಿ) ಹೆಸರು. ಮೊದಲ ಸಂಖ್ಯೆ ಫಂಕ್ಷನ್‌ನಲ್ಲಿ ಎಷ್ಟು ದೂರ ಹೋದ ಮೇಲೆ ಬಿತ್ತು ಅಂತ, ಎರಡನೆಯದು ಫಂಕ್ಷನ್‌ನ ಪೂರ್ತಿ ಉದ್ದ. ಮಾಡ್ಯೂಲ್ ಹೆಸರು ಐ915 ಅಂದರೆ ಇಂಟೆಲ್, ಎಎಂಡಿಜಿಪಿಯು ಅಂದರೆ ಎಎಂಡಿ, ನೂವೋ ಅಂದರೆ ಎನ್‌ವಿಡಿಯಾ ಚಿಪ್‌ಗೆ ಇರುವ ಮುಕ್ತ ಡ್ರೈವರ್. ಕರ್ನಲ್ ಮೂಲ ಕೋಡ್‌ನ ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿರುವ ಎಫ್‌ಎಡಿಡಿಆರ್2ಲೈನ್‌ಗೆ ಮಾಡ್ಯೂಲ್ ಫೈಲನ್ನೂ ಈ ಹೆಸರು ಸಂಖ್ಯೆಗಳನ್ನೂ ಹಾಗೇ ಕೊಟ್ಟರೆ, ಮಾಡ್ಯೂಲ್‌ನಲ್ಲಿ ಡೀಬಗ್ ಮಾಹಿತಿ ಇದ್ದರೆ, ಯಾವ ಫೈಲ್‌ನ ಎಷ್ಟನೇ ಸಾಲು ಅಂತ ಹೇಳಿಬಿಡುತ್ತದೆ.

ಆಮೇಲೆ ಕಾಲ್ ಟ್ರೇಸ್. ಇದನ್ನು ಕೆಳಗಿನಿಂದ ಮೇಲಕ್ಕೆ ಓದಿ, ಯಾರು ಯಾರನ್ನು ಕರೆದರು ಅನ್ನುವುದು ಕಥೆಯ ಹಾಗೆ ಸಿಗುತ್ತದೆ. ಪ್ರಶ್ನೆ ಗುರುತು ಇರುವ ಸಾಲುಗಳನ್ನು ನೆಚ್ಚಿಕೊಳ್ಳಬೇಡಿ, ಅವು ಸ್ಟ್ಯಾಕ್‌ನಲ್ಲಿ ಉಳಿದ ಹಳೇ ಕಸವೂ ಆಗಿರಬಹುದು. ಪ್ರೋಗ್ರಾಂ ಹೆಸರಿನ ಜಾಗದಲ್ಲಿ ಕೆವರ್ಕರ್ ಅಂತ ಇದ್ದರೆ ಹಾಟ್‌ಪ್ಲಗ್ ಕೆಲಸ ಮಾಡುವ ಎಳೆ ಸತ್ತಿರುವ ಸಾಧ್ಯತೆ ಜಾಸ್ತಿ. ಡೆಸ್ಕ್‌ಟಾಪ್‌ನ ಹೆಸರಿದ್ದರೆ ಪರದೆ ಬದಲಿಸಲು ಅದು ಕೇಳಿದ ಹೊತ್ತಿಗೆ ಬಿದ್ದಿದೆ.

ಟೇಂಟೆಡ್ ಅನ್ನುವ ಪದದ ಮುಂದೆ ಪಿ ಅಕ್ಷರ ಇದೆಯಾ ನೋಡಿ. ಇದ್ದರೆ ಮೂಲ ಕೋಡ್ ತೋರಿಸದ ಮಾಡ್ಯೂಲ್ ಒಂದು ಸೇರಿಕೊಂಡಿದೆ. ಅದನ್ನು ತೆಗೆದು ಮತ್ತೆ ಬಗ್ ಬರುತ್ತದಾ ನೋಡದೆ ಯಾರಿಗೂ ವರದಿ ಕಳಿಸಬೇಡಿ, ನೋಡುವುದಿಲ್ಲ.

ಬೇಕೆಂದಾಗ ಬೀಳಿಸುವುದು

ಗಾಳಿಗೆ ಕಾಯುತ್ತಾ ಕೂರಲು ಆಗುವುದಿಲ್ಲ. ಮಾನಿಟರ್‌ನ ಗೋಡೆ ಸ್ವಿಚ್ಚನ್ನು ಒಂದೆರಡು ಸೆಕೆಂಡ್ ಬಿಟ್ಟು ಆರಿಸಿ ಹಾಕಿ. ಪಕ್ಕದಲ್ಲಿ ಯುಡೆವ್ಎಡಿಎಂ ಮಾನಿಟರ್ ಓಡುತ್ತಿರಲಿ, ಪ್ರತಿ ಸಲ ಹಾಟ್‌ಪ್ಲಗ್ ಸುದ್ದಿ ಬರುತ್ತದಾ ಅನ್ನುವುದು ಅಲ್ಲೇ ಕಾಣಿಸುತ್ತದೆ. ಸುದ್ದಿಯೇ ಬರದಿದ್ದರೆ ನಿಮ್ಮ ಮಾನಿಟರ್ ಆರಿದ್ದನ್ನು ತಿಳಿಸದ ಜಾತಿಯದು, ಕೇಬಲನ್ನೇ ಕಿತ್ತು ಹಾಕಬೇಕು.

ಕೈಯಿಂದ ಮಾಡುವುದು ಬೇಡ ಅಂದರೆ /ಸಿಸ್/ಕ್ಲಾಸ್/ಡಿಆರ್‌ಎಂ ಒಳಗೆ ಪ್ರತಿ ಕಿಂಡಿಗೂ ಒಂದು ಫೋಲ್ಡರ್ ಇದೆ. ಅದರ ಸ್ಟೇಟಸ್ ಫೈಲ್‌ಗೆ ರೂಟ್ ಆಗಿ ಆಫ್ ಅಂತ ಬರೆದರೆ ಮಾನಿಟರ್ ಇಲ್ಲ ಅಂತಲೂ, ಡಿಟೆಕ್ಟ್ ಅಂತ ಬರೆದರೆ ಮತ್ತೆ ಹುಡುಕು ಅಂತಲೂ ಅರ್ಥ. ಒಂದು ಸಣ್ಣ ಶೆಲ್ ಲೂಪ್‌ನಲ್ಲಿ ಹಾಕಿ ಬಿಡಬಹುದು. ಆದರೆ ನಿಜವಾದ ಕರೆಂಟ್ ಏರಿಳಿತದಲ್ಲಿ ಆಗುವ ಇನ್ನೊಂದು ಸಂಗತಿ ಇದರಲ್ಲಿ ಆಗುವುದಿಲ್ಲ: ಮಾನಿಟರ್ ತನ್ನ ವಿವರದ ಇಡಿಐಡಿ ಕೊಡುತ್ತಿರುವಾಗಲೇ ನಡುವೆ ಆರಿಹೋಗುವುದು. ಅರ್ಧ ಓದಿದ ಇಡಿಐಡಿಯಿಂದಲೇ ಬೀಳುವ ಡ್ರೈವರ್‌ಗಳಿವೆ. ಹಾಗಾಗಿ ಲೂಪ್‌ನಲ್ಲಿ ಬೀಳಲಿಲ್ಲ ಅಂದಮಾತ್ರಕ್ಕೆ ಬಗ್ ಇಲ್ಲ ಅನ್ನಬೇಡಿ, ಗೋಡೆ ಸ್ವಿಚ್‌ಗೆ ವಾಪಸ್ ಹೋಗಿ.

ಇದೇ ಹೊತ್ತಿಗೆ ಬೂಟ್ ಸಾಲಿನಲ್ಲಿ ಡಿಆರ್‌ಎಂ ಡಾಟ್ ಡೀಬಗ್ ಸಮ 4 ಅಂತ ಸೇರಿಸಿ. ಮೋಡ್ ಬದಲಾವಣೆಯ ಪ್ರತಿ ಹೆಜ್ಜೆಯೂ ಲಾಗ್‌ಗೆ ಬೀಳುತ್ತದೆ. ಒಂದು ತೊಂದರೆ, ಲಾಗ್ ಬರೆಯುವುದಕ್ಕೆ ಸಮಯ ಹಿಡಿಯುವುದರಿಂದ ಎರಡು ಎಳೆಗಳ ಓಟದ ಲಯ ಬದಲಾಗಿ ಬಗ್ ಅಡಗಿಕೊಳ್ಳಬಹುದು. ಹಾಗಾದರೆ ಅದೂ ಒಂದು ಸುಳಿವೇ, ಲಾಕ್ ಸಂಬಂಧದ ಬಗ್ ಅನ್ನುವುದಕ್ಕೆ.

ಕರ್ನಲ್ ಕಟ್ಟುವುದು, ಯಾವ ಬದಲಾವಣೆಯಿಂದ ಬಂತು ಅಂತ ಹುಡುಕುವುದು

ಕರ್ನಲ್‌ನ ಮೂಲ ಕೋಡನ್ನು ಗಿಟ್ (ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಪ್ರೋಗ್ರಾಂ) ಕ್ಲೋನ್‌ನಿಂದ ನೇರ ಇಳಿಸಲು ಹೋಗಬೇಡಿ. ನಡುವೆ ನೆಟ್ ಹೋದರೆ ಮತ್ತೆ ಮೊದಲಿನಿಂದ ಶುರು, ಇರುವುದು ಗಿಗಾಬೈಟ್‌ಗಟ್ಟಲೆ. ಕರ್ನಲ್ ಡಾಟ್ ಆರ್ಗ್‌ನಲ್ಲಿ ಕ್ಲೋನ್ ಡಾಟ್ ಬಂಡಲ್ ಅನ್ನುವ ಒಂದೇ ಫೈಲ್ ಇಟ್ಟಿದ್ದಾರೆ. ಡಬ್ಲ್ಯುಗೆಟ್ -ಸಿ ಹಾಕಿ ಇಳಿಸಿದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಪೂರ್ತಿ ಬಂದ ಮೇಲೆ ಆ ಫೈಲ್‌ನಿಂದಲೇ ಗಿಟ್ ಕ್ಲೋನ್ ಮಾಡಿ, ಆಮೇಲೆ ರಿಮೋಟ್ ವಿಳಾಸ ಬದಲಿಸಿ ಗಿಟ್ ಫೆಚ್ ಕೊಡಿ.

ನಿಮ್ಮ ಈಗಿನ ಕರ್ನಲ್‌ನ ಕಾನ್ಫಿಗ್ ಫೈಲನ್ನು /ಬೂಟ್‌ನಿಂದ ನಕಲು ಮಾಡಿಕೊಂಡು ಮೇಕ್ ಲೋಕಲ್‌ಮಾಡ್‌ಕಾನ್ಫಿಗ್ ಕೊಟ್ಟರೆ ಈಗ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತದೆ. ಕಟ್ಟುವ ಸಮಯ ಎಷ್ಟೋ ಪಾಲು ಕಡಿಮೆಯಾಗುತ್ತದೆ. ಇದನ್ನು ಕೊಡುವ ಮುಂಚೆ ನೀವು ಬಳಸುವ ಎಲ್ಲ ಸಾಧನಗಳನ್ನೂ ಚುಚ್ಚಿ. ಮೊಬೈಲ್‌ನಿಂದ ಯುಎಸ್‌ಬಿ ಮೂಲಕ ನೆಟ್ ತಗೊಳ್ಳುವವರು ಮೊಬೈಲ್ ಚುಚ್ಚದೆ ಇದನ್ನು ಕೊಟ್ಟರೆ ಹೊಸ ಕರ್ನಲ್‌ನಲ್ಲಿ ನೆಟ್ಟೇ ಇರುವುದಿಲ್ಲ. ಉಬುಂಟುವಿನ ಕಾನ್ಫಿಗ್ ಆದರೆ ಸಿಸ್ಟಮ್ ಟ್ರಸ್ಟೆಡ್ ಕೀಸ್, ಸಿಸ್ಟಮ್ ರಿವೊಕೇಶನ್ ಕೀಸ್ ಅನ್ನುವ ಎರಡು ಜಾಗಗಳನ್ನೂ ಖಾಲಿ ಮಾಡಿ, ಇಲ್ಲದಿದ್ದರೆ ಕಟ್ಟುವುದು ನಡುವೆ ನಿಲ್ಲುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡಿ. ಡೆಬಿಯನ್ ಉಬುಂಟುಗಳಲ್ಲಿ ಮೇಕ್ ಬಿನ್‌ಡೆಬ್-ಪಿಕೆಜಿ ಕೊಟ್ಟರೆ ಹಾಕಿಕೊಳ್ಳಬಹುದಾದ ಪ್ಯಾಕೇಜೇ ಸಿಗುತ್ತದೆ. ಕಟ್ಟುವಾಗ ಪ್ರೊಸೆಸರ್ ಪೂರ್ತಿ ದುಡಿಯುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ನಡುವೆ ಯಂತ್ರ ಆರಿಹೋದರೆ ಮೇಕ್ ಬಿಟ್ಟಲ್ಲಿಂದ ಮುಂದುವರಿಯುತ್ತದೆ, ಆದರೆ ಸೊನ್ನೆ ಬೈಟ್‌ನ ಆಬ್ಜೆಕ್ಟ್ ಫೈಲ್ ಉಳಿದಿದ್ದರೆ ಅವನ್ನು ಅಳಿಸಿ.

ಮೊದಲು ಎಲ್ಲಕ್ಕಿಂತ ಹೊಸ ಕರ್ನಲ್ ಹಾಕಿ ನೋಡಿ. ಅದರಲ್ಲಿ ಬಗ್ ಇಲ್ಲ ಅಂದರೆ ಯಾರೋ ಆಗಲೇ ಸರಿಮಾಡಿದ್ದಾರೆ, ಕಾಯುವುದಷ್ಟೇ ಕೆಲಸ. ಇದೆ ಅಂದರೆ, ಹಳೇ ಯಾವುದೋ ಒಂದರಲ್ಲಿ ಇರಲಿಲ್ಲ ಅನ್ನುವುದೂ ಖಚಿತವಾಗಿದ್ದರೆ, ಗಿಟ್ ಬೈಸೆಕ್ಟ್ ಶುರುಮಾಡಿ. ನಡುವಿನ ಒಂದು ಕರ್ನಲ್ ಕಟ್ಟು, ಪರೀಕ್ಷಿಸು, ಚೆನ್ನಾಗಿದೆ ಅಥವಾ ಕೆಟ್ಟಿದೆ ಅನ್ನು, ಉಳಿದರ್ಧದ ನಡುವಿಗೆ ಹೋಗು. 10,000 ಬದಲಾವಣೆಗಳಿದ್ದರೂ ಸುಮಾರು 14 ಸುತ್ತಿನಲ್ಲಿ ಮುಗಿಯುತ್ತದೆ. ಡ್ರೈವರ್ಸ್/ಜಿಪಿಯು/ಡಿಆರ್‌ಎಂ ಫೋಲ್ಡರ್‌ಗೆ ಸೀಮಿತ ಮಾಡಿದರೆ ಇನ್ನೂ ಕಡಿಮೆ. ಬೂಟ್ ಆಗದ ಕರ್ನಲ್ ಸಿಕ್ಕರೆ ಊಹೆಯ ಮೇಲೆ ಉತ್ತರ ಕೊಡದೆ ಗಿಟ್ ಬೈಸೆಕ್ಟ್ ಸ್ಕಿಪ್ ಕೊಡಿ. ಚೆನ್ನಾಗಿದೆ ಅನ್ನುವ ಮುಂಚೆ ಮಾತ್ರ ಅವಸರ ಬೇಡ. ಕೆಟ್ಟದ್ದು ಒಂದೇ ಸಲಕ್ಕೆ ಗೊತ್ತಾಗುತ್ತದೆ, ಚೆನ್ನಾಗಿದೆ ಅನ್ನಬೇಕಾದರೆ ಸ್ವಿಚ್ ಬಹಳ ಸಲ ಆಡಿಸಬೇಕು. ಒಂದು ತಪ್ಪು ಉತ್ತರ ಸಾಕು, ಕೊನೆಗೆ ಸಂಬಂಧವೇ ಇಲ್ಲದ ಬದಲಾವಣೆ ತೋರಿಸುತ್ತದೆ.

ಸರಿಮಾಡುವುದು

ಈಗ ಊಪ್ಸ್ ತೋರಿಸಿದ ಸಾಲು ಗೊತ್ತಿದೆ, ಬದಲಾವಣೆಯೂ ಗೊತ್ತಿದೆ. ಎಲ್ಲರಿಗೂ ಮೊದಲು ಹೊಳೆಯುವುದು ಒಂದೇ: ಪಾಯಿಂಟರ್ ಖಾಲಿಯಾ ಅಂತ ನೋಡು, ಖಾಲಿಯಿದ್ದರೆ ವಾಪಸ್ ಹೋಗು. ದಯವಿಟ್ಟು ಅಷ್ಟಕ್ಕೇ ನಿಲ್ಲಬೇಡಿ. ಆ ಪಾಯಿಂಟರ್ ಯಾಕೆ ಖಾಲಿಯಾಯಿತು ಅನ್ನುವುದಕ್ಕೆ ಉತ್ತರ ಬೇಕು.

ಹಾಟ್‌ಪ್ಲಗ್ ಬಗ್‌ಗಳಲ್ಲಿ ಬಹಳ ಸಲ ಸಿಗುವ ಒಂದು ಮಾದರಿ ಹೇಳುತ್ತೇನೆ. ಮಾನಿಟರ್ ಆರುತ್ತದೆ. ಡ್ರೈವರ್ ಡೆಸ್ಕ್‌ಟಾಪ್‌ಗೆ ಸುದ್ದಿ ಕೊಡುತ್ತದೆ. ಡೆಸ್ಕ್‌ಟಾಪ್ ಆ ಕನೆಕ್ಟರನ್ನು (ಮಾನಿಟರ್ ಚುಚ್ಚುವ ಕಿಂಡಿ) ಆಫ್ ಮಾಡಲು ಹೇಳುತ್ತದೆ, ಆಗ ಕನೆಕ್ಟರ್‌ನ ಸ್ಥಿತಿಯಲ್ಲಿರುವ ಸಿಆರ್‌ಟಿಸಿ (ಕಿಂಡಿಗೆ ಚಿತ್ರ ಕಳಿಸುವ ಭಾಗ) ಪಾಯಿಂಟರ್ ನಿಯಮದಂತೆಯೇ ಖಾಲಿಯಾಗುತ್ತದೆ. ಅದು ತಪ್ಪಲ್ಲ, ಆಫ್ ಮಾಡಿದ ಕನೆಕ್ಟರ್‌ಗೆ ಸಿಆರ್‌ಟಿಸಿ ಇರುವುದಿಲ್ಲ. ಇಷ್ಟರಲ್ಲಿ ಕರೆಂಟ್ ವಾಪಸ್ ಬಂದು ಎರಡನೇ ಹಾಟ್‌ಪ್ಲಗ್ ಎಳೆ ಎದ್ದಿರುತ್ತದೆ. ಅದು ಯಾವ ಲಾಕೂ ಹಿಡಿಯದೆ ಕನೆಕ್ಟರ್‌ನಿಂದ ಸ್ಥಿತಿ, ಸ್ಥಿತಿಯಿಂದ ಸಿಆರ್‌ಟಿಸಿ, ಅಲ್ಲಿಂದ ಮುಂದೆ ಅಂತ ಸರಪಳಿ ಹಿಡಿದು ಓದುತ್ತದೆ. ಲಾಕ್ ಇಲ್ಲದೆ ಖಾಲಿಯಾ ಅಂತ ಪರೀಕ್ಷೆ ಹಾಕಿದರೂ ಪ್ರಯೋಜನವಿಲ್ಲ. ನೀವು ನೋಡಿದ ಕ್ಷಣಕ್ಕೂ ಬಳಸಿದ ಕ್ಷಣಕ್ಕೂ ನಡುವೆ ಡೆಸ್ಕ್‌ಟಾಪ್ ಬದಲಿಸಬಹುದು. ಇನ್ನೂ ಕೆಟ್ಟದ್ದು, ಹಳೇ ಸ್ಥಿತಿಯ ಮೆಮೊರಿ ಬಿಡುಗಡೆಯಾಗಿದ್ದರೆ ಬಾಡಿಗೆದಾರ ಖಾಲಿ ಮಾಡಿದ ಮನೆಗೆ ಅವನ ಹೆಸರಲ್ಲೇ ಹಣ ಕಳಿಸಿದ ಹಾಗೆ, ಈಗ ಅಲ್ಲಿ ಯಾರಿದ್ದಾರೋ ಅವರ ಕೈಗೆ ಹೋಗುತ್ತದೆ.

ಸರಿಯಾದ ಕ್ರಮ ಅಂದರೆ ಮೋಡ್ ಕಾನ್ಫಿಗ್‌ನ ಕನೆಕ್ಷನ್ ಮ್ಯೂಟೆಕ್ಸ್ ಅನ್ನುವ ಲಾಕ್ ಹಿಡಿದು, ಅದರೊಳಗೆ ಸಿಆರ್‌ಟಿಸಿ ಖಾಲಿಯಾ ನೋಡಿ, ಖಾಲಿಯಿದ್ದರೆ ಮಾಡುವ ಕೆಲಸವೇ ಇಲ್ಲ ಅಂತ ಬಿಡುವುದು. ಸಿಆರ್‌ಟಿಸಿಯ ಸ್ಥಿತಿಯನ್ನೂ ಓದಬೇಕಾದರೆ ಅದರ ಲಾಕೂ ಬೇಕು. ಒಂದಕ್ಕಿಂತ ಜಾಸ್ತಿ ಲಾಕ್ ಹಿಡಿಯುವಾಗ ಅಕ್ವೈರ್ ಕಾಂಟೆಕ್ಸ್ಟ್ ಬಳಸಿ. ಇಡೆಡ್‌ಎಲ್‌ಕೆ ಅಂತ ಉತ್ತರ ಬಂದರೆ ಹಿಡಿದದ್ದನ್ನೆಲ್ಲ ಬಿಟ್ಟು ಮತ್ತೆ ಪ್ರಯತ್ನಿಸಬೇಕು, ಅದಕ್ಕೆ ಡಿಆರ್‌ಎಂನಲ್ಲೇ ಬ್ಯಾಕ್‌ಆಫ್ ಫಂಕ್ಷನ್ ಇದೆ. ಜೊತೆಗೆ ಸಸ್ಪೆಂಡ್ ದಾರಿಯನ್ನೂ ನೋಡಿ: ನಿದ್ರೆಗೆ ಹೋಗುವ ಮುಂಚೆ ಬಾಕಿ ಉಳಿದ ಹಾಟ್‌ಪ್ಲಗ್ ಕೆಲಸವನ್ನು ರದ್ದು ಮಾಡುತ್ತಿದೆಯಾ? ಹಾಗೆ ರದ್ದು ಮಾಡುವಾಗ ಆ ಎಳೆಗೆ ಬೇಕಾದ ಲಾಕನ್ನು ನೀವೇ ಹಿಡಿದುಕೊಂಡು ಅದು ಮುಗಿಯಲಿ ಅಂತ ಕಾದರೆ ಇಬ್ಬರೂ ಹಾಗೇ ನಿಲ್ಲುತ್ತೀರಿ.

ಇಂಥದ್ದನ್ನು ಕಣ್ಣಿನಿಂದ ಹುಡುಕುವುದು ಕಷ್ಟ. ಪರೀಕ್ಷೆಯ ಕರ್ನಲ್‌ನಲ್ಲಿ ಕೇಸನ್ ಮತ್ತು ಪ್ರೂವ್ ಲಾಕಿಂಗ್ ಎರಡನ್ನೂ ಹಾಕಿ ಕಟ್ಟಿ. ಮೊದಲನೆಯದು ಬಿಡುಗಡೆಯಾದ ಮೆಮೊರಿ ಮುಟ್ಟಿದರೆ ಆ ಕ್ಷಣದಲ್ಲೇ ಹಿಡಿದು, ಯಾರು ಕೊಟ್ಟಿದ್ದು, ಯಾರು ಬಿಟ್ಟಿದ್ದು, ಯಾರು ಮುಟ್ಟಿದ್ದು ಅಂತ ಮೂರನ್ನೂ ಹೇಳುತ್ತದೆ. ಎರಡನೆಯದು ಲಾಕ್ ಹಿಡಿಯುವ ಕ್ರಮ ತಪ್ಪಿದ್ದರೆ ಯಂತ್ರ ನಿಲ್ಲುವ ಮೊದಲೇ ಎಚ್ಚರಿಸುತ್ತದೆ. ನಿಧಾನವಾಗುತ್ತದೆ, ಆಗಲಿ.

ತಿದ್ದಿದ ಮೇಲೆ ಬರೀ ಮಾಡ್ಯೂಲನ್ನು ಬದಲಿಸುವವರು ಒಂದು ವಿಷಯ ಗಮನಿಸಿ. ಗ್ರಾಫಿಕ್ಸ್ ಡ್ರೈವರ್ ಎಷ್ಟೋ ಕಡೆ ಇನಿಟ್‌ರಾಮ್‌ಎಫ್‌ಎಸ್‌ನಿಂದ (ಬೂಟ್‌ನ ಶುರುವಿಗೆ ಬೇಕಾದ್ದನ್ನು ಕಟ್ಟಿಟ್ಟ ಫೈಲ್) ಲೋಡ್ ಆಗುತ್ತದೆ. ಅದನ್ನು ಹೊಸದಾಗಿ ಮಾಡದಿದ್ದರೆ ಡಿಸ್ಕಿನಲ್ಲಿ ಹೊಸ ಡ್ರೈವರ್, ಓಡುತ್ತಿರುವುದು ಹಳೆಯದು.

ಕಳಿಸುವುದು

ತಿದ್ದಿದ್ದು ನಿಮ್ಮ ಯಂತ್ರದಲ್ಲಿ ಮಾತ್ರ ಉಳಿದರೆ ಮುಂದಿನ ಅಪ್‌ಡೇಟ್‌ಗೆ ಹೋಗುತ್ತದೆ. ಹಾಗಾಗಿ ಆ ತಿದ್ದುಪಡಿಯನ್ನು, ಅಂದರೆ ಪ್ಯಾಚನ್ನು, ಕರ್ನಲ್ ನೋಡಿಕೊಳ್ಳುವವರಿಗೆ ಇಮೇಲ್‌ನಲ್ಲಿ ಕಳಿಸಬೇಕು. ಕಮಿಟ್ ಸಂದೇಶದಲ್ಲಿ ಏನಾಗುತ್ತಿತ್ತು, ಯಾಕಾಗುತ್ತಿತ್ತು, ಹೇಗೆ ಸರಿಯಾಯಿತು ಅಂತ ಬರೆಯಿರಿ, ಊಪ್ಸ್‌ನ ಮುಖ್ಯ ಸಾಲುಗಳನ್ನು ಸೇರಿಸಿ. ಮಾನಿಟರ್‌ನ ಕರೆಂಟ್ ಬೇಗ ಬೇಗ ಹೋಗಿ ಬಂದಾಗ ಬೀಳುತ್ತದೆ ಅನ್ನುವುದನ್ನು ತಪ್ಪದೆ ಬರೆಯಿರಿ, ಓದುವವರಿಗೆ ಅದು ತಾನಾಗಿ ಹೊಳೆಯುವುದಿಲ್ಲ. ಬೈಸೆಕ್ಟ್ ತೋರಿಸಿದ ಬದಲಾವಣೆಯ ಗುರುತಿನ ಮೊದಲ 12 ಅಕ್ಷರ ಮತ್ತು ಶೀರ್ಷಿಕೆಯನ್ನು ಫಿಕ್ಸಸ್ ಸಾಲಿನಲ್ಲಿ ಹಾಕಿ. ಸೈನ್ಡ್-ಆಫ್-ಬೈ ಸಾಲಿನಲ್ಲಿ ನಿಮ್ಮ ಹೆಸರು. ಹಳೇ ಕರ್ನಲ್‌ಗಳಿಗೂ ಬೇಕಾದ್ದರಿಂದ ಸ್ಟೇಬಲ್ ವಿಳಾಸವನ್ನು ಸಿಸಿ ಸಾಲಿನಲ್ಲಿ ಸೇರಿಸಿ. ಚೆಕ್‌ಪ್ಯಾಚ್ ಓಡಿಸಿ, ಗೆಟ್‌ಮೇಂಟೇನರ್ ಓಡಿಸಿದರೆ ಯಾರಿಗೆ ಕಳಿಸಬೇಕು ಅಂತ ಪಟ್ಟಿ ಸಿಗುತ್ತದೆ. ಗಿಟ್ ಸೆಂಡ್-ಇಮೇಲ್‌ನಿಂದಲೇ ಕಳಿಸಿ, ಬ್ರೌಸರ್‌ನ ಮೇಲ್‌ನಲ್ಲಿ ಅಂಟಿಸಿದರೆ ಟ್ಯಾಬ್‌ಗಳು ಸ್ಪೇಸ್ ಆಗಿ ಪ್ಯಾಚ್ ಹತ್ತುವುದಿಲ್ಲ. ಕೋಡ್ ಬರೆಯದವರು ಊಪ್ಸ್, ಬೈಸೆಕ್ಟ್ ಫಲಿತಾಂಶ, ಬೀಳಿಸುವ ಕ್ರಮ ಮೂರನ್ನೂ ಫ್ರೀಡೆಸ್ಕ್‌ಟಾಪ್‌ನ ಗಿಟ್‌ಲ್ಯಾಬ್‌ನಲ್ಲಿ ಇಂಟೆಲ್ ಅಥವಾ ಎಎಂಡಿ ವಿಭಾಗದಲ್ಲಿ ದಾಖಲಿಸಿ.

ಉತ್ತರ ಬರಲು ವಾರಗಳೇ ಆಗಬಹುದು. ಬೇರೆ ರೀತಿ ಸರಿಮಾಡಿ ಅಂತ ಹೇಳಬಹುದು, ಅವರು ಕೊಟ್ಟ ಪ್ಯಾಚ್ ಹಾಕಿ ನೋಡಿ ಅನ್ನಬಹುದು. ಆಗ ಅದೇ ಗೋಡೆ ಸ್ವಿಚ್, ಅದೇ ಮಾನಿಟರ್‌ನಲ್ಲಿ ಪರೀಕ್ಷಿಸಿ ಫಲಿತಾಂಶ ಕಳಿಸಿ. ಒಪ್ಪಿಕೊಂಡ ಮೇಲೂ ನಿಮ್ಮ ಉಬುಂಟುಗೋ ಫೆಡೋರಾಗೋ ಅದು ಬರಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ನೀವು ಕಟ್ಟಿದ ಕರ್ನಲನ್ನೇ ಬಳಸಿ. ಪ್ರತಿ ಹೊಸ ಕರ್ನಲ್ ಅಪ್‌ಡೇಟ್ ಬಂದಾಗ ಅದರ ಚೇಂಜ್‌ಲಾಗ್‌ನಲ್ಲಿ ಪ್ಯಾಚ್‌ನ ಶೀರ್ಷಿಕೆ ಹುಡುಕಿ. ಸಿಕ್ಕ ಮೇಲೆ ಮಾನಿಟರ್‌ನ ಸ್ವಿಚ್ ಇನ್ನೊಂದಿಷ್ಟು ಸಲ ಆಡಿಸಿ ನೋಡಿ, ಆಮೇಲೆ ನಿಮ್ಮ ಕರ್ನಲ್ ತೆಗೆಯಿರಿ.